ಶೃಂಗೇರಿ–ಕಿಗ್ಗಾ ಕಡೆ ಬೆಳಿಗ್ಗೆ ಓಡೋಕೆ ಯಾವ ದಾರಿ ಒಳ್ಳೇದು?

ಲಾಲ್‌ಬಾಗ್ ಓಟಗಾರ (ಜೂನ್ ಮೊದಲ ವಾರ)

ಎಲ್ಲರಿಗೂ ನಮಸ್ಕಾರ. ನನಗೆ 43 ವರ್ಷ. ಆರು ವರ್ಷದಿಂದ ಬೆಂಗಳೂರಿನಲ್ಲಿ ಓಡುತ್ತಿದ್ದೇನೆ. ವಾರಕ್ಕೆ ನಾಲ್ಕು ದಿನ, ಹೆಚ್ಚಾಗಿ ಲಾಲ್‌ಬಾಗ್ ಒಳಗೇ. ಅಲ್ಲಿನ ಬಂಡೆ ಬಿಟ್ಟರೆ ಬೇರೆ ಗುಡ್ಡ ಹತ್ತಿದವನಲ್ಲ ನಾನು.

ಅತ್ತೆಗೆ ಮಂಡಿ ಆಪರೇಷನ್ ಆಗಿದೆ. ಹಾಗಾಗಿ ನಾನು, ಹೆಂಡತಿ ದೀಪಾವಳಿವರೆಗೆ ಅವಳ ತವರಿನಲ್ಲೇ ಇದ್ದು ಅಲ್ಲಿಂದಲೇ ಆಫೀಸ್ ಕೆಲಸ ಮಾಡುವುದು ಅಂತ ತೀರ್ಮಾನ ಆಗಿದೆ. ಮನೆ ಇರುವುದು ಶೃಂಗೇರಿ ತಾಲ್ಲೂಕಿನ ಕಿಗ್ಗಾದಿಂದ ಎರಡು ಕಿಲೋಮೀಟರ್ ಒಳಗೆ. ಸುತ್ತ ಅಡಿಕೆ ತೋಟ, ಅದರ ಮೇಲೆ ಕಾಫಿ, ಅದರ ಮೇಲೆ ಕಾಡು. ಇಂಥ ಜಾಗದಲ್ಲಿ ಓಡಬೇಕು ಅಂತ ಎಷ್ಟು ಸಲ ಅಂದುಕೊಂಡಿದ್ದೆನೋ. ಬಂದು ಎಂಟು ದಿನ ಆಯಿತು, ಒಂದು ದಿನವೂ ಸರಿಯಾಗಿ ಓಡಿಲ್ಲ.

ಮೊದಲ ದಿನ ಬೆಳಿಗ್ಗೆ ಆರಕ್ಕೆ ಹೊರಟೆ. ಒಂದು ಕಿಲೋಮೀಟರ್ ಆಗಿತ್ತೋ ಇಲ್ಲವೋ, ಒಬ್ಬರು ಬೈಕ್ ನಿಲ್ಲಿಸಿ "ಯಾಕೆ, ಏನಾಯ್ತು? ಬನ್ನಿ ಬಿಡ್ತೀನಿ" ಅಂದರು. ಏನಿಲ್ಲ, ಸುಮ್ನೆ ಓಡ್ತಿದೀನಿ ಅಂದೆ. ನಂಬಲಿಲ್ಲ. ಡೇರಿಗೆ ಹಾಲು ಒಯ್ಯುವವರು ಸ್ಕೂಟರ್ ನಿಲ್ಲಿಸಿ ಅದನ್ನೇ ಕೇಳಿದರು. ಮೂರನೆಯವರು ನನ್ನನ್ನು ಕೇಳಲೇ ಇಲ್ಲ, ನೇರ ಮಾವನಿಗೇ ಫೋನ್ ಮಾಡಿಬಿಟ್ಟರು. ನಾನು ಬೆವರು ಸುರಿಸಿಕೊಂಡು ಮನೆಗೆ ಬಂದಾಗ ಜಗುಲಿಯಲ್ಲಿ ನಾಲ್ಕು ಜನ ಕೂತಿದ್ದರು. ಅಳಿಯ ಬೆಳ್‌ಬೆಳಿಗ್ಗೆ ಮಾವನ ಮನೆಯಿಂದ ಓಡಿ ಹೋಗುತ್ತಿದ್ದಾನೆ ಅಂದರೆ ಊರಿನವರು ಏನು ತಿಳಿದುಕೊಳ್ಳಬೇಕು, ನೀವೇ ಹೇಳಿ. ಮಾವ ಏನೂ ಅನ್ನಲಿಲ್ಲ. ಕಾಫಿ ಕುಡಿಯುತ್ತಾ, "ಓಡೋದಾದ್ರೆ ತೋಟದೊಳಗೆ ಓಡಬಹುದಿತ್ತಲ್ಲ" ಅಂದರು, ಅಷ್ಟೇ.

ಎರಡನೇ ದಿನ ಮೂರು ನಾಯಿಗಳು ಅಟ್ಟಿಸಿಕೊಂಡು ಬಂದವು. ಮೂರನೇ ದಿನ ಮಳೆ. ಡಾಂಬರು ರಸ್ತೆಯ ಅಂಚಿನಲ್ಲಿ ಪಾಚಿ ಇತ್ತು, ಗೊತ್ತಾಗಲಿಲ್ಲ. ಅಂಗಾತ ಬಿದ್ದೆ. ಮನೆಗೆ ಬಂದು ಕಾಲುಚೀಲ ತೆಗೆದರೆ ಎಡಗಾಲಿನಲ್ಲಿ ಐದು ಇಂಬಳ (ಜಿಗಣೆ), ಬಲಗಾಲಿನಲ್ಲಿ ಮೂರು.

ಅಕ್ಟೋಬರ್‌ನಲ್ಲಿ ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆಯುವ ಮಲ್ನಾಡ್ ಅಲ್ಟ್ರಾದ 50 ಕಿಲೋಮೀಟರ್ ಓಡುವ ಆಸೆ ಇದೆ. ಅದಕ್ಕೆ ಏರು–ಇಳಿಜಾರು ಅಭ್ಯಾಸ ಬೇಕೇ ಬೇಕು. ಈ ಕಡೆ ಓಡುವವರು ಯಾರಾದರೂ ಇದ್ದರೆ ಹೇಳಿ: ದಿನಾ ಎಂಟು–ಹತ್ತು ಕಿಲೋಮೀಟರಿಗೆ ಯಾವ ದಾರಿ? ಭಾನುವಾರದ ಉದ್ದ ಓಟಕ್ಕೆ ಯಾವುದು? ನಾಯಿ, ಇಂಬಳ, ಮಳೆಗೆ ನೀವು ಏನು ಮಾಡುತ್ತೀರಿ?

ಘಾಟಿ ಪ್ರೇಮಿ

ಸರ್, ಅಷ್ಟು ಹತ್ತಿರ ಇದ್ದುಕೊಂಡು ಯೋಚನೆ ಯಾಕೆ? ಒಂದು ಭಾನುವಾರ ಆಗುಂಬೆಗೆ ಹೋಗಿ. ಸೋಮೇಶ್ವರದಿಂದ ಘಾಟಿ ಹತ್ತಿ. 14 ತಿರುವು. ಮೇಲೆ ಬಂದರೆ ಮೋಡದೊಳಗೆ ಇರ್ತೀರ. ಇಲ್ಲಾಂದ್ರೆ ನೆಮ್ಮಾರು ಕಡೆಯಿಂದ ಕೆರೆಕಟ್ಟೆಗೆ ಹೋಗುವ ಹೈವೇ. ಎರಡೂ ಕಡೆ ಕಾಡು, ರಸ್ತೆ ಸೂಪರ್. ನಾನು ಕಾರಲ್ಲಿ ಹೋಗುವಾಗಲೆಲ್ಲ ಇಲ್ಲಿ ಓಡಬೇಕು ಅನ್ನಿಸುತ್ತೆ.

ಕೆಂಪು ಕೊಡೆ

ಮೇಲಿನವರು ಕಾರಲ್ಲಿ ಹೋದವರು. ಅದು ಅವರ ಮಾತಲ್ಲೇ ಗೊತ್ತಾಗುತ್ತೆ, ಬೇಜಾರು ಮಾಡ್ಕೋಬೇಡಿ. ಆಗುಂಬೆ ಘಾಟಿಯ ತಿರುವಿನಲ್ಲಿ ಬಸ್ಸು ತಿರುಗಲು ಪೂರ್ತಿ ರಸ್ತೆ ಬೇಕು, ಓಡುವವರಿಗೆ ನಿಲ್ಲಲು ಜಾಗ ಇರುವುದಿಲ್ಲ. ಮಳೆಗಾಲದಲ್ಲಿ ಮಂಜು ಕವಿದರೆ ಹತ್ತು ಅಡಿ ಮುಂದೆ ಕಾಣುವುದಿಲ್ಲ. ಕೆರೆಕಟ್ಟೆ ಹೈವೇ, ಅಂದರೆ 169, ತನಿಕೋಡು ಗೇಟ್ ದಾಟಿದರೆ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡು. ಅಲ್ಲಿ ಗಾಡಿಯಲ್ಲಿ ಹೋಗುವುದು ಬೇರೆ, ಒಬ್ಬರೇ ಕಾಲಲ್ಲಿ ಹೋಗುವುದು ಬೇರೆ. ಕಾಟಿ, ಅಂದರೆ ಕಾಡುಕೋಣ, ಅಡ್ಡ ನಿಂತರೆ ಅದಕ್ಕೆ ದಾರಿ ಬಿಡಬೇಕಾದವರು ನಾವು. ಬೇಡ.

ಈಗ ಅಳಿಯಂದಿರ ಪ್ರಶ್ನೆಗೆ. ನನಗೆ 52. ಕಿಗ್ಗಾದಿಂದ ಸ್ವಲ್ಪ ದೂರದಲ್ಲಿ ನಮ್ಮ ಮನೆ. ಎರಡೂವರೆ ಎಕರೆ ಅಡಿಕೆ, ಮೇಲೊಂದಿಷ್ಟು ಕಾಫಿ. 2021ರಲ್ಲಿ ಸಕ್ಕರೆ ಕಾಯಿಲೆ ಅಂತ ಗೊತ್ತಾಯಿತು. ಡಾಕ್ಟರು ದಿನಾ ನಡೀರಿ ಅಂದರು. ಬೆಳಗಿಂದ ಸಂಜೆವರೆಗೆ ತೋಟದಲ್ಲಿ ನಡೆಯೋದೇ ಅಲ್ವಾ ಅಂದೆ. ಅದು ಲೆಕ್ಕಕ್ಕಿಲ್ಲ, ಉಸಿರು ಏರುವ ಹಾಗೆ ನಡೀಬೇಕು ಅಂದರು. ಮಗ ಬಿಟ್ಟುಹೋದ ಶೂ ಹಾಕಿಕೊಂಡು ಶುರು ಮಾಡಿದೆ. ಶೂ ದೊಡ್ಡದು, ಎರಡು ಜೊತೆ ಕಾಲುಚೀಲ ಹಾಕಿದರೆ ಸರಿಹೋಗುತ್ತಿತ್ತು. ನಡಿಗೆ ಯಾವಾಗ ಓಟ ಆಯಿತೋ ಗೊತ್ತಿಲ್ಲ. ಈಗಲೂ ಕಿಲೋಮೀಟರಿಗೆ ಎಂಟೂವರೆ ನಿಮಿಷ. ನಿಮಗದು ನಡಿಗೆ ಇರಬಹುದು.

ದಾರಿ ಹೇಳುವ ಮುಂಚೆ ಜನರ ವಿಷಯ. ನಿಮಗೆ ಆಗಿದ್ದು ನನಗೂ ಆಯಿತು, ಇನ್ನೂ ಜಾಸ್ತಿ. ಹೆಂಗಸು ಓಡುತ್ತಿದ್ದರೆ ಮೊದಲ ಪ್ರಶ್ನೆ "ದನ ತಪ್ಪಿಸ್ಕೊಂಡಿದ್ಯಾ?" ಎರಡನೆಯದು "ಮನೇಲಿ ಜಗಳವಾ?" ಒಂದು ತಿಂಗಳು ಉತ್ತರ ಕೊಟ್ಟು ಸಾಕಾಯಿತು. ಆಮೇಲೆ ಒಂದು ಕೆಲಸ ಮಾಡಿದೆ. ಡೇರಿಯಲ್ಲಿ ಹಾಲು ಹಾಕುವ ಹೊತ್ತಿಗೆ ನಿಂತು, ಎಲ್ಲರ ಎದುರು, ನನಗೆ ಸಕ್ಕರೆ ಕಾಯಿಲೆ ಬಂದಿದೆ, ಡಾಕ್ಟರು ಓಡೋಕೆ ಹೇಳಿದ್ದಾರೆ ಅಂತ ಹೇಳಿಬಿಟ್ಟೆ. ಓಡೋಕೆ ಅಂತ ಅವರು ಹೇಳಿರಲಿಲ್ಲ. ಮೂರು ದಿನದಲ್ಲಿ ಊರಿಗೆಲ್ಲ ಗೊತ್ತಾಯಿತು. ಈಗ ನಾನು ಒಂದು ದಿನ ಹೋಗದಿದ್ದರೆ "ಹುಷಾರಿಲ್ವಾ" ಅಂತ ಕೇಳುತ್ತಾರೆ. ನೀವೂ ಹಾಗೇ ಮಾಡಿ. ಆದರೆ ನೀವೇ ಹೇಳಬೇಡಿ, ಮಾವನ ಬಾಯಲ್ಲಿ ಹೇಳಿಸಿ. ಅವರ ಮರ್ಯಾದೆಯೂ ಉಳಿಯುತ್ತೆ.

ದಿನದ ಓಟಕ್ಕೆ ಸಿರಿಮನೆ ಜಲಪಾತದ ರಸ್ತೆ. ಕಿಗ್ಗಾ ದೇವಸ್ಥಾನದ ಹತ್ತಿರದಿಂದ ಜಲಪಾತದ ಗೇಟಿಗೆ ಐದು ಕಿಲೋಮೀಟರ್ ಆಸುಪಾಸು, ಹೋಗಿ ಬಂದರೆ ನಿಮ್ಮ ಹತ್ತು ಆಯಿತು. ಸಣ್ಣ ರಸ್ತೆ. ತೋಟ, ಗದ್ದೆ, ಕಾಫಿ ಎಲ್ಲ ಸಿಗುತ್ತೆ. ಒಂದೇ ಸಮ ಏರು ಅಲ್ಲ, ಏರಿ ಇಳಿದು ಏರಿ ಹೋಗುತ್ತೆ. ಜಲಪಾತಕ್ಕೆ ಮೆಟ್ಟಿಲು ಇಳಿಯಬೇಕು. ಆ ಹೊತ್ತಿಗೆ ಗೇಟ್ ತೆಗೆದಿರುವುದಿಲ್ಲ, ಅಲ್ಲಿಂದಲೇ ತಿರುಗಿ. ಮಳೆಗಾಲದಲ್ಲಿ ನೀರಿನ ಸದ್ದು ಗೇಟಿನವರೆಗೂ ಬರುತ್ತೆ, ಅಷ್ಟು ಸಾಕು. ವಾರದ ದಿನ ಏಳು ಗಂಟೆವರೆಗೆ ಗಾಡಿ ಇರುವುದಿಲ್ಲ. ಶನಿವಾರ ಭಾನುವಾರ ಒಂಬತ್ತರ ಮೇಲೆ ಅಲ್ಲಿಗೆ ತಲೆ ಹಾಕಬೇಡಿ, ಪ್ರವಾಸಿಗರ ಕಾರು ಒಂದರ ಹಿಂದೆ ಒಂದು.

ಈಗ ಜೂನ್. ನಸುಕಿನಲ್ಲಿ ಸಿಳ್ಳಾರ ಹಕ್ಕಿ ಕೂಗುತ್ತೆ. ಯಾರೋ ಹುಡುಗ ಅರ್ಧಂಬರ್ಧ ನೆನಪಿರುವ ರಾಗವನ್ನು ಸಿಳ್ಳೆ ಹಾಕಿದ ಹಾಗೆ ಇರುತ್ತೆ. ನಾನು ಮೊದಮೊದಲು ಹಿಂದೆ ತಿರುಗಿ ನೋಡುತ್ತಿದ್ದೆ. ನೀವು ಮಾರ್ಚ್‌ನಲ್ಲಿ ಬಂದಿದ್ದರೆ ಬೇರೆಯೇ. ಹೂಮಳೆ ಬಿದ್ದು ಒಂದು ವಾರ, ಹತ್ತು ದಿನಕ್ಕೆ ಕಾಫಿ ಹೂ ಬಿಡುತ್ತೆ. ಆ ಎರಡು ಮೂರು ದಿನ ಓಡುವುದೇ ಕಷ್ಟ, ಆ ಘಮಕ್ಕೆ ನಿಂತೇ ಬಿಡೋಣ ಅನ್ನಿಸುತ್ತೆ. ದೀಪಾವಳಿ ಹೊತ್ತಿಗೆ ಅಡಿಕೆ ಕೊಯ್ಲು ಶುರುವಾಗಿರುತ್ತೆ. ಮನೆಮನೆಯಲ್ಲಿ ಅಡಿಕೆ ಬೇಯಿಸುವ ಚೊಗರಿನ ವಾಸನೆ. ಅದು ಎಲ್ಲರಿಗೂ ಹಿಡಿಸುವುದಿಲ್ಲ. ನನಗೆ ಅದು ಬಂದರೆ ದುಡ್ಡು ಬಂದ ಹಾಗೆ.

ಭಾನುವಾರಕ್ಕೆ ಕಿಗ್ಗಾದಿಂದ ಶೃಂಗೇರಿ. ಒಂದು ಕಡೆಗೆ ಹತ್ತು ಕಿಲೋಮೀಟರ್ ಹತ್ತಿರ. ಐದೂವರೆಗೆ ಬಿಟ್ಟರೆ ಏಳರೊಳಗೆ ತುಂಗೆಯ ದಡದಲ್ಲಿ ಇರುತ್ತೀರಿ. ಮಠದ ಮೀನು ನೋಡಿ, ಇಡ್ಲಿ ತಿಂದು, ಶಕ್ತಿ ಇದ್ದರೆ ವಾಪಸ್ ಓಡಿ. ಇಲ್ಲದಿದ್ದರೆ ಬಸ್ಸು. ಬಸ್ಸಿನ ಹೊತ್ತು ಮಾತ್ರ ಮೊದಲೇ ಕೇಳಿಕೊಳ್ಳಿ. ಮುಂಚೆ ಈ ಕಡೆಗೆಲ್ಲ ಕೊಪ್ಪದ ಸಹಕಾರ ಸಾರಿಗೆ ಬಸ್ಸು ಇತ್ತು. ಕೆಲಸಗಾರರೇ ಸೇರಿ 1991ರಲ್ಲಿ ಕಟ್ಟಿದ ಸಂಘ. ಮಲೆನಾಡಿನ ಮೂಲೆಮೂಲೆಗೆ ಹೋಗುತ್ತಿತ್ತು. 2020ರಲ್ಲಿ ನಿಂತುಹೋಯಿತು. ಆ ಬಸ್ಸು ಇದ್ದಿದ್ದರೆ ನಾನು ಇನ್ನೂ ಎಷ್ಟೋ ದಾರಿ ಹೇಳುತ್ತಿದ್ದೆ.

ಮೂರನೆಯದು ನಾನು ವಾರಕ್ಕೆ ಮೂರು ದಿನ ಓಡುವ ದಾರಿ. ಹೆಸರಿಲ್ಲ. ನಮ್ಮ ಮನೆ ಅಂಗಳದಿಂದ ಉಣುಗೋಲು (ಗಳ ಅಡ್ಡ ಹಾಕಿದ ಗೇಟು) ದಾಟಿ ಗದ್ದೆ ಅಂಚು, ಅಲ್ಲಿಂದ ಹಳ್ಳಕ್ಕೆ ಹಾಕಿದ ಸಂಕ (ಕಾಲುಸೇತುವೆ), ಆಚೆ ಪಕ್ಕದವರ ಕಾಫಿ ತೋಟದ ಜೀಪ್ ದಾರಿ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ, ವಾಪಸ್ ತೋಟದ ತಲೆಕಟ್ಟಿನಿಂದ ಮನೆ. ಮೂರು ಕಿಲೋಮೀಟರ್ ಚಿಲ್ಲರೆ. ಮೂರು ಸುತ್ತು. ಇದು ನಿಮಗೆ ಉಪಯೋಗವಿಲ್ಲ. ಆದರೆ ನಿಮ್ಮ ಮಾವನ ಮನೆಯಲ್ಲೂ ಇಂಥ ಸುತ್ತು ಇದ್ದೇ ಇರುತ್ತೆ. ಅವರು ತೋಟದೊಳಗೆ ಓಡಿ ಅಂದಿದ್ದು ನಾಚಿಕೆಗೆ ಮಾತ್ರ ಅಲ್ಲ ಅಂತ ನನಗನ್ನಿಸುತ್ತೆ. ಒಂದು ದಿನ ಅವರ ಜೊತೆ ನಡೆದು ನೋಡಿ. ಎಲ್ಲಿ ಜಾರುತ್ತೆ, ಯಾವ ಸಂಕ ಗಟ್ಟಿ, ಯಾರ ತೋಟದೊಳಗೆ ಹೋದರೆ ಬೈಯುತ್ತಾರೆ, ಎಲ್ಲಾ ಗೊತ್ತಿರುತ್ತೆ. ಮ್ಯಾಪ್ ಮಾತ್ರ ನಂಬಬೇಡಿ. ಎಸ್ಟೇಟಿನ ಖಾಸಗಿ ರಸ್ತೆಯನ್ನೂ ಊರ ರಸ್ತೆ ಅಂತಲೇ ತೋರಿಸುತ್ತೆ. ಗೇಟ್ ಇದ್ದಲ್ಲಿ ಕೇಳಿ ಹೋಗಿ. ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಬೇಲಿ ಮಾತ್ರ ಮುಟ್ಟಬೇಡಿ. ಐಬೆಕ್ಸ್ ಬೇಲಿ, ಅಂದರೆ ಬ್ಯಾಟರಿ ಕರೆಂಟಿನ ಬೇಲಿಯಾದರೆ ಒಂದು ಹೊಡೆತ ಕೊಟ್ಟು ಬಿಡುತ್ತೆ, ಹಂದಿಗೆ ಅಂತ ಯಾರಾದರೂ ಕಳ್ಳತನದಲ್ಲಿ ಲೈನ್ ಕರೆಂಟ್ ಕೊಟ್ಟಿದ್ದರೆ ಜೀವವೇ ಹೋಗುತ್ತೆ.

ನರಸಿಂಹ ಪರ್ವತ ಕೇಳೇ ಕೇಳುತ್ತೀರಿ, ಅದಕ್ಕೆ ಮುಂಚೆಯೇ ಹೇಳುತ್ತೇನೆ. ಕಿಗ್ಗಾದಿಂದಲೇ ದಾರಿ ಇದೆ. ಆದರೆ ಅರಣ್ಯ ಇಲಾಖೆಯ ಅನುಮತಿ ಬೇಕು, 'ಅರಣ್ಯ ವಿಹಾರ' ಜಾಲತಾಣದಲ್ಲಿ ಬುಕ್ ಮಾಡಬೇಕು. ಮಳೆ ಬಿಟ್ಟ ಮೇಲೆ ಹೋಗಿ, ಹತ್ತಿ ಇಳಿಯಿರಿ, ಓಟ ಬೇಡ. ಹುಲ್ಲಿನ ಕೆಳಗೆ ಕಲ್ಲು ಕಾಣುವುದಿಲ್ಲ.

ನಾಯಿಗೆ ನನ್ನ ಉಪಾಯ ಕೊಡೆ. ಹೌದು, ನಾನು ಕೊಡೆ ಹಿಡಿದೇ ಓಡುತ್ತೇನೆ. ನಗುವವರು ನಗಲಿ. ಹುಡುಗರು ಹಾಕುವ ಆ ತೆಳು ಜಾಕೆಟ್ ಇಲ್ಲಿನ ಮಳೆಗೆ ಹತ್ತು ನಿಮಿಷ ತಡೆಯುವುದಿಲ್ಲ, ಮೇಲಾಗಿ ಒಳಗೆ ಬೆವರು. ನಾಯಿ ಬಂದಾಗ ಓಡಬೇಡಿ, ನಿಂತು ಕೊಡೆಯನ್ನು ಅದರ ಕಡೆ ಪಟ್ ಅಂತ ಬಿಚ್ಚಿ. ಎಂಥ ನಾಯಿಯೂ ಎರಡು ಹೆಜ್ಜೆ ಹಿಂದೆ ಹೋಗುತ್ತೆ. ಆಮೇಲೆ ಮನೆಯವರನ್ನು ಕೂಗಿ ಅದರ ಹೆಸರು ಕೇಳಿಕೊಳ್ಳಿ. ನಾಲ್ಕು ದಿನ ಹೆಸರು ಹಿಡಿದು ಕರೆದರೆ ಐದನೇ ದಿನ ಬಾಲ ಅಲ್ಲಾಡಿಸುತ್ತೆ. ನನ್ನ ದಾರಿಯಲ್ಲಿ ಏಳು ನಾಯಿ ಇವೆ, ಅದರಲ್ಲಿ ಮೂರು ರಾಜು.

ಇಂಬಳಕ್ಕೆ ಏನೇ ಮಾಡಿದರೂ ಪೂರ್ತಿ ತಪ್ಪಿಸೋಕಾಗಲ್ಲ. ಕೊಬ್ಬರಿ ಎಣ್ಣೆಯಲ್ಲಿ ಹೊಗೆಸೊಪ್ಪು ನೆನೆಸಿಟ್ಟು ಕಾಲಿಗೆ ಹಚ್ಚಿ. ಹುಲ್ಲಿನ ಮೇಲೆ ನಿಲ್ಲಬೇಡಿ. ಓಡುವವರಿಗೆ ಅದು ಹತ್ತುವುದು ಕಡಿಮೆ, ಫೋಟೋ ತೆಗೆಯಲು ನಿಂತವರಿಗೆ ಜಾಸ್ತಿ. ಹತ್ತಿದರೆ ಕಿತ್ತು ಎಳೆಯಬೇಡಿ, ಉಪ್ಪು ಮುಟ್ಟಿಸಿ. ರಕ್ತ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ, ಹೆದರಬೇಡಿ.

ಇನ್ನು ಮಳೆ. ನೀವಿರುವುದು ಮಳೆ ದೇವರ ಊರಿನಲ್ಲಿ. ಕಿಗ್ಗಾದ ಋಷ್ಯಶೃಂಗೇಶ್ವರನ ಹತ್ತಿರ ಮಳೆ ಬೇಕಾದರೂ ಬರುತ್ತಾರೆ, ಸಾಕಾದರೂ ಬರುತ್ತಾರೆ. 2019ರ ಜೂನ್‌ನಲ್ಲಿ ಸರ್ಕಾರದವರೇ ಬಂದು ಪರ್ಜನ್ಯ ಹೋಮ ಮಾಡಿಸಿದರು. ಆ ಆಗಸ್ಟ್‌ನಲ್ಲಿ ಬಂದ ಮಳೆಗೆ ಮಲೆನಾಡಿನ ಗುಡ್ಡಗಳೇ ಜರಿದವು. ಜುಲೈ ಶುರುವಾದ ಮೇಲೆ ನನ್ನ ನಿಯಮ ಒಂದೇ: ಶೃಂಗೇರಿಯಲ್ಲಿ ತುಂಗೆ ದಡದ ಕಪ್ಪೆ ಶಂಕರನ ಗುಡಿ ಮುಳುಗಿದೆ ಅಂತ ಸುದ್ದಿ ಬಂದರೆ ಆವತ್ತು ಓಟ ಇಲ್ಲ. ತುಂಗೆ ಅಷ್ಟು ಏರಿದೆ ಅಂದರೆ ನಮ್ಮ ಹಳ್ಳಗಳೂ ಏರಿರುತ್ತವೆ. ಸಂಕದ ಮೇಲೆ ನೀರು ಹರಿಯುತ್ತಿದ್ದರೆ ಪಾದ ಮುಳುಗುವಷ್ಟೇ ಇರಲಿ, ದಾಟಬೇಡಿ. ಗಾಳಿ ಜೋರಿದ್ದರೂ ಹೋಗಬೇಡಿ, ಇಲ್ಲಿ ಮರ ಬೀಳುವುದು ಹೇಳಿ ಕೇಳಿ ಅಲ್ಲ.

ನಿವೃತ್ತ ಪಿ.ಟಿ. ಮಾಸ್ತರು

ಅಮ್ಮಾ, ಕೊಡೆ ಹಿಡಿದು ಓಡುವ ವಿಷಯ ಓದಿ ಖುಷಿಯಾಯಿತು. ನಾನು ತೀರ್ಥಹಳ್ಳಿ ಕಡೆಯವನು, 31 ವರ್ಷ ಮಕ್ಕಳನ್ನು ಓಡಿಸಿದ್ದೇನೆ.

ಬೆಂಗಳೂರಿನವರಿಗೆ ಒಂದು ಮಾತು. ಗಡಿಯಾರದಲ್ಲಿ ಕಿಲೋಮೀಟರಿಗೆ ಎಷ್ಟು ನಿಮಿಷ ಅಂತ ನೋಡುವುದನ್ನು ಮೊದಲು ಬಿಡಿ. ಏರಿನಲ್ಲಿ ಅದಕ್ಕೆ ಅರ್ಥವಿಲ್ಲ. ಒಂದು ಪೂರ್ತಿ ವಾಕ್ಯ ಮಾತಾಡಲು ಆಗದಷ್ಟು ಉಸಿರು ಬಂದರೆ ನಡೆಯಿರಿ. ಹೆಜ್ಜೆ ಸಣ್ಣದು ಮಾಡಿ, ಕೈ ಬೀಸಿ, ಸೊಂಟದಿಂದ ಬಗ್ಗಬೇಡಿ. 50 ಕಿಲೋಮೀಟರ್ ಓಡುವವರಲ್ಲಿ ಬಹಳ ಜನ ಏರನ್ನು ನಡೆದೇ ಹತ್ತುತ್ತಾರೆ. ಆದ್ದರಿಂದ ನಡಿಗೆಯನ್ನೂ ಅಭ್ಯಾಸ ಮಾಡಬೇಕು.

ಕಾಲು ಹಾಳಾಗುವುದು ಇಳಿಜಾರಿನಲ್ಲಿ. ತೊಡೆಯ ಮುಂದಿನ ಸ್ನಾಯು ಅಲ್ಲಿ ಬ್ರೇಕಿನ ಕೆಲಸ ಮಾಡುತ್ತೆ. ಉದ್ದಕ್ಕೆ ಹಿಗ್ಗುತ್ತಲೇ ಭಾರ ತಡೆಯುತ್ತೆ. ಅಭ್ಯಾಸವಿಲ್ಲದವರಿಗೆ ಮರುದಿನಕ್ಕಿಂತ ಅದರ ಮರುದಿನ ನೋವು ಜಾಸ್ತಿ. ಒಳ್ಳೆಯ ಸಂಗತಿ ಏನೆಂದರೆ, ಒಮ್ಮೆ ಆ ನೋವು ತಿಂದು ಬಿಟ್ಟರೆ ಮುಂದಿನ ಸಲ ಅಷ್ಟಿರುವುದಿಲ್ಲ. ಹಾಗಾಗಿ ಮೊದಲ ಮೂರು ವಾರ ಇಳಿಜಾರನ್ನು ಸ್ವಲ್ಪ ಸ್ವಲ್ಪವೇ ಮಾಡಿ. ಹಿಮ್ಮಡಿ ಊರಿ ತಡೆಯಬೇಡಿ. ಚಿಕ್ಕ ಹೆಜ್ಜೆ, ಪಟಪಟ.

ಮಳೆ ಬಿಟ್ಟ ದಿನ ಕುಂದಾದ್ರಿಗೆ ಬನ್ನಿ. ಗುಡ್ಡೇಕೇರಿ ಕಡೆಯಿಂದ ಬರಬಹುದು. ಬುಡದಿಂದ ತುದಿವರೆಗೂ ಡಾಂಬರು ರಸ್ತೆ, ಉಸಿರು ಕಟ್ಟುವ ಏರು. ಮೇಲೆ ಬಂಡೆಯ ಮೇಲೆ ಪಾರ್ಶ್ವನಾಥ ಬಸದಿ, ಕಲ್ಲಿನ ನಡುವೆ ಕೊಳ. ಕುಂದಕುಂದಾಚಾರ್ಯರು ತಪಸ್ಸು ಮಾಡಿದ ಜಾಗ ಅಂತ ಹೆಸರು. ಒಂದು ಸಲ ಹತ್ತಿ ಇಳಿದರೆ ನಿಮ್ಮ ಲಾಲ್‌ಬಾಗ್ ಬಂಡೆಯ ಲೆಕ್ಕ ಹೇಳುವುದನ್ನು ಬಿಡುತ್ತೀರಿ.

ಕೊಪ್ಪದ ನರ್ಸ್

ಎಲ್ಲರೂ ಇಂಬಳದ ಬಗ್ಗೆ ಮಾತಾಡುತ್ತಿದ್ದೀರಿ. ಇಂಬಳ ರಕ್ತ ಕುಡಿದು ಹೋಗುತ್ತೆ, ಅಷ್ಟೇ. ಹೆದರಬೇಕಾದ್ದು ಉಣುಗಿಗೆ, ಅಂದರೆ ಉಣ್ಣೆ ಹುಳಕ್ಕೆ. ಮಂಗನ ಕಾಯಿಲೆ ಹರಡುವುದು ಅದರಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡಿದ್ದು, ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲೂ ಜನಕ್ಕೆ ಬಂದಿದೆ. ಮಳೆ ಜೋರಾದ ಮೇಲೆ ಕಡಿಮೆ. ಡಿಸೆಂಬರ್‌ನಿಂದ ಮೇವರೆಗೆ ಜಾಸ್ತಿ. ಅಂದರೆ ಓಡುವುದಕ್ಕೆ ಹಿತವಾಗಿರುವ ದಿನಗಳಲ್ಲೇ ಇದರ ಕಾಟ.

ಆಗ ತರಗೆಲೆ ಬಿದ್ದ ಕಾಲುದಾರಿ, ಸೊಪ್ಪಿನಬೆಟ್ಟ ಬಿಟ್ಟು ರಸ್ತೆಯಲ್ಲೇ ಓಡಿ. ಆಶಾ ಕಾರ್ಯಕರ್ತೆಯರ ಹತ್ತಿರ ಉಣುಗು ಹತ್ತದ ಹಾಗೆ ಹಚ್ಚುವ ಡೆಪಾ ಎಣ್ಣೆ ಸಿಗುತ್ತೆ, ಹಚ್ಚಿಕೊಳ್ಳಿ. ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಮಂಡಿ ಹಿಂದೆ, ತೊಡೆ ಸಂದು, ಕಂಕುಳು ನೋಡಿಕೊಳ್ಳಿ. ಮಂಗ ಸತ್ತು ಬಿದ್ದಿದ್ದು ಕಂಡರೆ ಹತ್ತಿರ ಹೋಗಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಓಡಿ ಬಂದು ಕೆಲವು ದಿನಕ್ಕೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಕೂರಬೇಡಿ, ಕಾಡಿನ ಕಡೆ ಓಡಾಡಿದ್ದನ್ನು ಡಾಕ್ಟರಿಗೆ ಹೇಳಿ. ಕೆಂಪು ಕೊಡೆ ಅಕ್ಕ, ನಿಮ್ಮ ಸೊಪ್ಪಿನಬೆಟ್ಟದ ಸುತ್ತು ಬೇಸಿಗೆಯಲ್ಲಿ ನನಗೆ ಇಷ್ಟವಾಗಲಿಲ್ಲ.

ಕೆಂಪು ಕೊಡೆ

ಸರಿ ಮಾರಾಯ್ತಿ. ಜನವರಿಯಿಂದ ಸೊಪ್ಪಿನಬೆಟ್ಟ ಬಿಟ್ಟು ರಸ್ತೆಗೆ ಬರುತ್ತೇನೆ. ಎಣ್ಣೆ ಬಾಟ್ಲಿ ಮನೆಯಲ್ಲಿದೆ. ಹಚ್ಚೋದು ಮರೆತುಹೋಗುತ್ತೆ.

ಲಾಲ್‌ಬಾಗ್ ಓಟಗಾರ (ಜುಲೈ ಕೊನೆ)

ಎಲ್ಲರಿಗೂ ಧನ್ಯವಾದ. ಏಳು ವಾರದ ವರದಿ ಒಪ್ಪಿಸುತ್ತಿದ್ದೇನೆ.

ಮಾವನ ಜೊತೆ ತೋಟ ಸುತ್ತಿದೆ. ಅವರಿಗೆ 71. ಕಾಲಲ್ಲಿ ಮಳೆಗಾಲದ ಪ್ಲಾಸ್ಟಿಕ್ ಚಪ್ಪಲಿ, ತಲೆ ಮೇಲೆ ಹಾಳೆಟೋಪಿ, ಕೈಯಲ್ಲಿ ಕತ್ತಿ. ನನ್ನ ಕಾಲಲ್ಲಿ ಹನ್ನೊಂದು ಸಾವಿರ ರೂಪಾಯಿಯ ಟ್ರೇಲ್ ಶೂ. ಸಂಕದ ಮೇಲೆ ಅವರು ಬೀಡಿ ಹಚ್ಚುತ್ತಾ ದಾಟಿದರು. ನಾನು ಕೂತುಕೊಂಡು ದಾಟಿದೆ. ಮನೆಯ ಸುತ್ತು ಒಂದು ಸಿಕ್ಕಿತು, 2.6 ಕಿಲೋಮೀಟರ್. ಎರಡು ಕಡೆ ಕಡಿದಾದ ಏರು. ಗಡಿಯಾರ ಮಾತ್ರ ಒಂದೊಂದು ದಿನ ಒಂದೊಂದು ಲೆಕ್ಕ ಕೊಡುತ್ತೆ, ಮರಗಳ ಕೆಳಗೆ ಅದಕ್ಕೆ ಸಿಗ್ನಲ್ ಸಿಗುವುದಿಲ್ಲ. ಮಾಸ್ತರು ಹೇಳಿದ ಮೇಲೆ ಅದನ್ನು ನೋಡುವುದನ್ನೇ ಕಡಿಮೆ ಮಾಡಿದ್ದೇನೆ. ಮೊದಲ ವಾರ ಇಳಿಜಾರಿನ ಉತ್ಸಾಹಕ್ಕೆ ಎರಡು ದಿನ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆ, ಅದೂ ಮಾಸ್ತರು ಹೇಳಿದ ಹಾಗೇ.

ಆ ಶೂ ಈಗಿಲ್ಲ. ಒಣಗಲಿ ಅಂತ ಒಂದು ರಾತ್ರಿ ಬಚ್ಚಲ ಒಲೆಯ ಪಕ್ಕ ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಅಂಟು ಬಿಟ್ಟು ಅಟ್ಟೆ ಬಾಯಿ ತೆರೆದುಕೊಂಡಿತ್ತು. ಅತ್ತೆ ವಾಕರ್ ಹಿಡಿದು ಬಂದು ನೋಡಿ, "ಅದನ್ನ ಹೇಳೋದಲ್ವಾ, ಪೇಪರ್ ತುರುಕಿ ಅಡಿಕೆ ಅಟ್ಟದ ಮೇಲೆ ಇಡ್ತಿದ್ರು" ಅಂದರು. ಈಗ ಎರಡು ಜೊತೆ ಅಗ್ಗದ ಶೂ ಇಟ್ಟುಕೊಂಡಿದ್ದೇನೆ, ಒಂದು ಕಾಲಲ್ಲಿ, ಒಂದು ಅಟ್ಟದಲ್ಲಿ.

ಡೇರಿಯಲ್ಲಿ ಮಾವ ಏನು ಹೇಳಿದರೋ ಗೊತ್ತಿಲ್ಲ. ನಾನು ಅವರನ್ನು ಕೇಳಿಕೊಂಡಿದ್ದು, ಅಕ್ಟೋಬರ್‌ನಲ್ಲಿ ಪಂದ್ಯ ಇದೆ, ಅಳಿಯ ಅದಕ್ಕೆ ತಯಾರಾಗ್ತಿದ್ದಾನೆ ಅಂತ ಹೇಳಿ ಅಂತಷ್ಟೇ. ಈಗ ಹಾಲಿನ ಸ್ಕೂಟರಿನವರು ದಿನಾ ಎದುರಿಗೆ ಸಿಕ್ಕಾಗ "ಫಸ್ಟ್ ಬಂದ್ರೆ ಎಷ್ಟು ಕೊಡ್ತಾರೆ?" ಅಂತ ಕೇಳುತ್ತಾರೆ. ಕೊನೆಯವನಾಗಿ ಮುಗಿಸಿದರೂ ಸಾಕು ಅಂತ ಎರಡು ಸಲ ಹೇಳಿದೆ. ಅವರ ಮುಖ ನೋಡಲಾಗಲಿಲ್ಲ. ಈಗ ಸುಮ್ಮನೆ ನಗುತ್ತೇನೆ.

ಮೊನ್ನೆ ಬುಧವಾರ ಸಿರಿಮನೆ ರಸ್ತೆ. ಮಳೆ ಹನಿಯುತ್ತಿತ್ತು. ಗೇಟ್ ಮುಟ್ಟಿ ವಾಪಸ್ ಬರುವಾಗ ಒಂದು ತಿರುವಿನಲ್ಲಿ ಎದುರಿನಿಂದ ಕೆಂಪು ಕೊಡೆಯೊಂದು ಮೇಲೆ ಕೆಳಗೆ ಕುಣಿಯುತ್ತಾ ಬರುತ್ತಿತ್ತು. ಮಾತಾಡಿಸಬೇಕು ಅಂದುಕೊಂಡೆ. ಏರಿನಲ್ಲಿದ್ದೆ, ಬಾಯಿಂದ ಉಸಿರು ಬಿಟ್ಟು ಬೇರೇನೂ ಹೊರಡಲಿಲ್ಲ. ಅಕ್ಕ, ಅದು ನೀವೇ ಅಲ್ವಾ?

ಕೆಂಪು ಕೊಡೆ

ನಾನೇ. ನಿಮ್ಮನ್ನು ದೂರದಿಂದಲೇ ಗುರುತು ಹಿಡಿದೆ, ಈ ಕಡೆ ಬೇರೆ ಯಾರು ಅಷ್ಟು ಬೆಳ್ಳಗಿನ ಕಾಲುಚೀಲ ಹಾಕುತ್ತಾರೆ. ಮಾತಾಡಿಸದೆ ಹೋಗಿದ್ದಕ್ಕೆ ಬೇಜಾರಿಲ್ಲ, ನನಗೂ ಉಸಿರು ಇರಲಿಲ್ಲ. ಆದರೆ ಆ ತಿರುವಿನ ಮನೆಯ ಕಪ್ಪು ನಾಯಿಗೆ ನೀವು ಕಲ್ಲು ಎತ್ತಿದ್ದು ನೋಡಿದೆ. ಅದು ರಾಜು. ಹೆಸರು ಹಿಡಿದು ಕರೆಯಿರಿ. ಮಾವನಿಗೆ, ಅತ್ತೆಗೆ ಕೇಳಿದೆ ಅಂತ ಹೇಳಿ.